ಮಂಗಳವಾರ ಕೂಗದ ಸೈರನ್

ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಅಡುಗೆಮನೆಯ ನೆಲದ ಮೇಲೆ ಮುಖ ಕೆಳಗಾಗಿ ಬಿದ್ದಿದ್ದೆ. ಕುತ್ತಿಗೆಯ ಮೇಲೆ ಒಂದು ಬೂಟು. ಕಿವಿಯ ಹಿಂದೆ ಪಿಸ್ತೂಲಿನ ತಣ್ಣನೆಯ ಬಾಯಿ.

ಸೈರನ್ ಕೂಗಿರಲಿಲ್ಲ.

ನಾನೇ ಕೈಯಾರೆ ಕೂರಿಸಿದ ಸೈರನ್!

"ಲಮೀಸ್ ಎಲ್ಲಿ?" ಬೂಟಿನವನು ಕೇಳಿದ.

"ಯಾವ ಲಮೀಸ್?"

ಪಕ್ಕೆಗೆ ಒದ್ದ. ಒಳಗೆ ಏನೋ ಲಟಕ್ಕೆಂದಿತು.

"ಲೋ ಮುದುಕಾ, ಇನ್ನೊಂದ್ಸಲ ಕೇಳಲ್ಲ."

"ಕೇಳ್ಬೇಡ. ಉತ್ತರ ಅದೇ."

ಮತ್ತೆ ಒದ್ದ. ಈ ಸಲ ಬಾಯಲ್ಲಿ ರಕ್ತ ಬಂತು.

ಲಮೀಸ್ ಯಾರೆಂದು ನಿಮಗೆ ಹೇಳಬೇಕು. ಅವಳ ಗಂಡ ಖಲ್ದೂನ್ ಹಳೆ ಕಾರುಗಳ ಬಿಡಿಭಾಗ ಮಾರುತ್ತಿದ್ದ. ಫವ್ವಾಜ್ ಎಂಬ ರೌಡಿ ಹಾಡಹಗಲೇ ಅಂಗಡಿಗೆ ನುಗ್ಗಿ ಅವನ ಎದೆಗೆ ಗುಂಡು ಹೊಡೆದ. ಅಂಗಡಿಯಲ್ಲಿದ್ದವರು ಯಾರೂ ಏನೂ ನೋಡಲಿಲ್ಲವಂತೆ. ನೋಡಿದ್ದೇನೆ ಎಂದವಳು ಲಮೀಸ್ ಒಬ್ಬಳೇ. ಗುರುವಾರ ಕೋರ್ಟು. ಅವಳು ಬಾಯಿ ಬಿಟ್ಟರೆ ಫವ್ವಾಜ್ ಜೈಲಿನಲ್ಲಿ ಕೊಳೆಯುತ್ತಾನೆ. ಅವಳು ಸತ್ತರೆ ಸಂಜೆಗೆ ಮನೆಯಲ್ಲಿ ಕಾಫಿ ಕುಡಿಯುತ್ತಾನೆ.

ಗುರುವಾರದವರೆಗೆ ಅವಳನ್ನು, ಅತ್ತೆಯ ಜೊತೆ ಅವಳಿರುವ ಈ ಮನೆಯಲ್ಲಿ, ಜೀವಂತ ಇಡುವುದು ನನ್ನ ಕೆಲಸ. ಹಿಂದೆ ಪೊಲೀಸ್, ಈಗ ಖಾಸಗಿ ಕಾವಲು. ಅಮ್ಮಾನ್ ನಗರದ ಈ ತಾಜ್ ಗುಡ್ಡದಲ್ಲಿ ಎಲ್ಲರೂ ನನ್ನನ್ನು ಅಬು ಶಾಹೆರ್ ಎನ್ನುತ್ತಾರೆ.

"ಅಲಾರಂ ಕಂಪನಿಯವರನ್ನ ಕರೆಸೋಣ್ವಾ, ಚಾಚಾ?" ಎಂದಿದ್ದಳು ಲಮೀಸ್.

"ಬೇಡಮ್ಮ. ಅವರ ಹುಡುಗ ಇಲ್ಲಿ ಚಹಾ ಕುಡಿದು ಹೋಗ್ತಾನೆ. ಸಂಜೆ ಇಡೀ ಗುಡ್ಡಕ್ಕೆ ಗೊತ್ತಿರುತ್ತೆ, ಯಾವ ಕಿಟಕಿಗೆ ಏನಿದೆ ಅಂತ. ನಾನೇ ಹಾಕ್ತೀನಿ."

ಡೌನ್‌ಟೌನಿನ ಅಂಗಡಿಯಲ್ಲಿ ಅಗ್ಗದ್ದೊಂದು ತೋರಿಸಿದರು. ಕರೆಂಟು ಹೋದರೆ ಅದು ಹೆಣ. ವಾಪಸ್ ಕೊಟ್ಟೆ. ಒಳಗೆ ಬ್ಯಾಟರಿ, ತನ್ನದೇ ಸಿಮ್ ಇರುವುದನ್ನು ಆರಿಸಿದೆ. ತಂತಿಯೇ ಇಲ್ಲ, ಕತ್ತರಿಸಲು ಏನೂ ಸಿಗದು.

ಭಾನುವಾರ ಕೂರಿಸಿದೆ. ಮುಖ್ಯ ಪೆಟ್ಟಿಗೆ ಮನೆಯ ನಡುವಿನ ಬೀರುವಿನಲ್ಲಿ. ಬಾಗಿಲಲ್ಲಿ ನಿಂತವನಿಗೆ ಕಾಣಬಾರದು. ಇಲ್ಲಿನ ಗೋಡೆಗಳು ದಪ್ಪ. ಆದ್ದರಿಂದ ಅಂಟಿಸುವ ಮೊದಲೇ ಒಂದೊಂದು ಜಾಗದಲ್ಲೂ ಸಿಗ್ನಲ್ ಬರುತ್ತದೆಯೇ ಎಂದು ನೋಡಿದೆ. ಚೌಕಟ್ಟಿಗೆ ಸೆನ್ಸರ್, ಬಾಗಿಲಿಗೆ ಆಯಸ್ಕಾಂತದ ತುಂಡು, ನಡುವೆ ಬೆರಳಿಗಿಂತ ಕಡಿಮೆ ಅಂತರ; ಎರಡೂ ದೂರವಾದರೆ ಸೈರನ್ ಕೂಗುತ್ತದೆ. ತಾರಸಿಯ ಬಾಗಿಲು ಕಬ್ಬಿಣದ್ದು. ಕಬ್ಬಿಣ ಆಯಸ್ಕಾಂತದ ಬಲ ತಿನ್ನುತ್ತದೆ, ಕೆಳಗೊಂದು ಮರದ ಚೂರು ಕೊಟ್ಟೆ. ಓಡಾಟ ಹಿಡಿಯುವ ಕಣ್ಣು ಹಜಾರದ ಮೂಲೆಯಲ್ಲಿ, ತಲೆಗಿಂತ ಮೇಲೆ, ಬಿಸಿಲು ಬೀಳದ ಕಡೆ. ಜನ ಮನೆಯಲ್ಲಿದ್ದಾಗ ಆ ಕಣ್ಣು ಮಲಗಿರುತ್ತದೆ, ಬಾಗಿಲು ಕಿಟಕಿಗಳಷ್ಟೇ ಎಚ್ಚರ. ಎಲ್ಲವನ್ನೂ ತೆರೆದು ಪರೀಕ್ಷಿಸಿದೆ. ಸೈರನ್ ಕೂಗಿದ ಕೂಗಿಗೆ ಕೆಳಮನೆಯ ಮಗು ಅತ್ತಿತು.

ಹಾಗಿದ್ದರೆ ಈ ಇಬ್ಬರು ಬಂದದ್ದು ಎಲ್ಲಿಂದ?

ತಲೆ ಸ್ವಲ್ಪ ಹೊರಳಿಸಿದೆ. ಮೂಲೆಯಲ್ಲಿ ಖಲ್ದೂನನ ತಾಯಿ ಉಮ್ ಖಲ್ದೂನ್. ಎರಡನೆಯವನು ಅವಳ ತಲೆವಸ್ತ್ರ ಹಿಡಿದು ಗಂಟಲಿಗೆ ಚಾಕು ಒತ್ತಿದ್ದ. ಇಬ್ಬರ ಮೈಮೇಲೂ ಪ್ಲಂಬರ್ ಬಟ್ಟೆ. ನೆಲದ ಮೇಲೆ ಪೈಪ್ ಬಿಗಿಯುವ ಉದ್ದನೆಯ ಪಾನ, ಕಬ್ಬಿಣದ ಸ್ಪ್ಯಾನರ್.

"ಹಾಜ್ಜಾ... ಮೇಲಿನ ಬಾಗಿಲು?" ಮುದುಕಿಯನ್ನು ಕೇಳಿದೆ.

"ಇವತ್ತು ನೀರು ಬರೋ ದಿನ ಕಣಪ್ಪಾ!" ಮುದುಕಿ ಅತ್ತಳು. "ಟ್ಯಾಂಕ್ ನೋಡಕ್ಕೆ ಹತ್ತು ಸಲ ಹತ್ತಬೇಕು. ಹೋದಾಗೆಲ್ಲಾ ಆ ದೆವ್ವ ಅರಚ್ಕೊಳ್ಳುತ್ತಲ್ಲಾ ಅಂತ... ಬಾಗಿಲಲ್ಲಿದ್ದ ತುಂಡನ್ನ ಚಾಕುಲಿ ಎಬ್ಬಿಸಿ ಆ ಡಬ್ಬಿ ಪಕ್ಕಕ್ಕೇ ಅಂಟಿಸ್ಬಿಟ್ಟೆ. ಎರಡೂ ಜೊತೇಲಿದ್ರೆ ಸುಮ್ನಿರುತ್ತೆ ಅಂತ ನೀನೇ ಹೇಳಿದ್ಯಲ್ಲಾ!"

ಹೇಳಿದ್ದೆ.

ಅಮ್ಮಾನಿನ ಈ ಗುಡ್ಡಕ್ಕೆ ವಾರಕ್ಕೊಮ್ಮೆ ನೀರು. ಆ ದಿನ ಯಾವ ತಾರಸಿಯ ಬಾಗಿಲೂ ಮುಚ್ಚುವುದಿಲ್ಲ. ಪಾನ ಹಿಡಿದು ತಾರಸಿಯಿಂದ ತಾರಸಿಗೆ ದಾಟುವವನನ್ನು ಯಾರೂ ಪ್ರಶ್ನಿಸುವುದಿಲ್ಲ. ಫವ್ವಾಜ್ ಹುಟ್ಟಿದ್ದು ಇದೇ ಗುಡ್ಡದಲ್ಲಿ. ನಾನು ಪರೀಕ್ಷೆ ಮಾಡಿದ್ದು ನೀರಿಲ್ಲದ ಭಾನುವಾರ!

ಆಗ ಬಚ್ಚಲಿನಲ್ಲಿ ಅಷ್ಟು ಹೊತ್ತೂ ಸುರಿಯುತ್ತಿದ್ದ ನಲ್ಲಿಯ ಸದ್ದು ನಿಂತಿತು.

ಬಕೆಟ್ ತುಂಬಿತ್ತು. ಪ್ರಾಣ ಹೋಗುವ ಹೊತ್ತಲ್ಲೂ ನೀರು ಚೆಲ್ಲಲು ಬಿಡದ ಕೈ ಲಮೀಸ್‌ಳದು.

ಬೂಟಿನವನು ನಕ್ಕ. "ಬಚ್ಚಲಲ್ಲಿದಾಳೆ."

ಬೂಟು ಎತ್ತಿದ ಕ್ಷಣ ಅವನ ಮೀನಖಂಡಕ್ಕೆ ಹಲ್ಲು ಇಳಿಸಿದೆ.

ಅರಚಿದ. ಗುಂಡು ನೆಲದ ಟೈಲ್ಸ್ ಸೀಳಿತು. ಆ ಸದ್ದಿಗೆ ಚಾಕು ಸಡಿಲವಾದದ್ದೇ ತಡ, ಉಮ್ ಖಲ್ದೂನ್ ಪಕ್ಕದಲ್ಲಿದ್ದ, ಕಾಫಿ ಕುಟ್ಟುವ ಹಿತ್ತಾಳೆಯ ಗಿಡ್ಡ ಒನಕೆ ಎತ್ತಿ ಚಾಕುವಿನವನ ಮುಖಕ್ಕೆ ಬಾರಿಸಿದಳು. ಮೂಗು ಚಪ್ಪಟೆಯಾಯಿತು. "ಇದು ಖಲ್ದೂನ್‌ಗೆ!" ಎಂದಳು. ಇನ್ನೊಂದು ಬಾರಿಸಿದಳು. ಅವನು ಮತ್ತೆ ಏಳಲಿಲ್ಲ.

ಲಮೀಸ್ ಬಚ್ಚಲಿನಿಂದ ಹೊರಬಿದ್ದು ಮೆಟ್ಟಿಲಿನತ್ತ ಓಡಿದಳು. ತಾರಸಿಗೆ! ಬೂಟಿನವನು ಹಿಂದೆ. ನಾನು ಪಾನ ಎತ್ತಿಕೊಂಡು ಅವನ ಹಿಂದೆ. ಒಂದೊಂದು ಉಸಿರಿಗೂ ಪಕ್ಕೆ ಇರಿಯಿತು.

ಮೇಲೆ ಕುರುಡಾಗಿಸುವ ಬಿಸಿಲು. ಸಾಲು ಟ್ಯಾಂಕುಗಳ ನಡುವೆ ಲಮೀಸ್ ಬಗ್ಗಿ ಓಡುತ್ತಿದ್ದಳು.

ಅವನು ಗುಂಡು ಹೊಡೆದ. ತಪ್ಪಿತು. ಮತ್ತೆ ಹೊಡೆದ. ಮತ್ತೆ!

ಗುಡ್ಡದ ಕಿಟಕಿಗಳು ಪಟಪಟ ಮುಚ್ಚಿಕೊಂಡವು. ಗುಂಡಿನ ಸದ್ದಿಗೆ ಇಲ್ಲಿ ಯಾರೂ ಹೊರಬರುವುದಿಲ್ಲ. ಸೈರನ್ ಕೂಗಿದ್ದರೂ ಅಷ್ಟೇ ಆಗಿರುತ್ತಿತ್ತೇನೋ.

ಆದರೆ ಗುಂಡುಗಳು ಟ್ಯಾಂಕುಗಳನ್ನು ಹೊಕ್ಕಿದ್ದವು. ಮೂರು ಮನೆಗಳ ವಾರದ ನೀರು ತೂತುಗಳಿಂದ ಚಿಮ್ಮಿ ಮೆಟ್ಟಿಲುಗಳಲ್ಲಿ ಧುಮುಕತೊಡಗಿತು.

ಕೆಳಗಿನಿಂದ ಒಂದು ಹೆಣ್ಣಿನ ಕೂಗು: "ಅಯ್ಯೋ, ನೀರು! ಯಾವನೋ ಅದು ನೀರು ಬಿಟ್ಟಿರೋನು?"

ಬಾಗಿಲುಗಳು ತೆರೆದವು.

ಎಲ್ಲ ಬಾಗಿಲುಗಳೂ!

ಪೊರಕೆ, ಪೈಪು, ಚಪ್ಪಲಿ... ಕೈಗೆ ಸಿಕ್ಕಿದ್ದು ಹಿಡಿದು ನಾಲ್ಕೂ ಕಡೆಯ ತಾರಸಿಗಳಿಂದ ಜನ ನುಗ್ಗಿದರು. ಬೂಟಿನವನು ಗಾಬರಿಯಾಗಿ ತಿರುಗಿದ. ಒದ್ದೆ ಸಿಮೆಂಟಿನ ಮೇಲೆ ಕಾಲು ಜಾರಿತು. ನಾನು ಪಾನ ಬೀಸಿದೆ. ಮಣಿಕಟ್ಟು ಒಣಕಟ್ಟಿಗೆಯಂತೆ ಮುರಿಯಿತು. ಪಿಸ್ತೂಲು ನೀರಿನಲ್ಲಿ ಜಾರಿಹೋಯಿತು.

"ನಾನು ಫವ್ವಾಜ್ ಕಡೆಯವನು!" ಕಿರುಚಿದ.

"ಯಾರ ಕಡೆಯವನಾದ್ರೆ ನಂಗೇನೋ? ವಾರದ ಬಟ್ಟೆ ನಿಮ್ಮಪ್ಪ ಒಗೀತಾನಾ?" ಕೆಳಮನೆಯ ಮುದುಕಿ ಚಪ್ಪಲಿಯಿಂದ ಬಾಯಿಗೇ ಹೊಡೆದಳು. ಉಳಿದದ್ದನ್ನು ಗಂಡಸರು ನೋಡಿಕೊಂಡರು. ನಾನು ತಡೆಯಲಿಲ್ಲ. ತಡೆಯುವ ಶಕ್ತಿ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಲಮೀಸ್ ಕೊನೆಯ ಟ್ಯಾಂಕಿನ ಹಿಂದಿನಿಂದ ಎದ್ದು ಬಂದಳು. ತೊಯ್ದು ತೊಪ್ಪೆಯಾಗಿದ್ದಳು.

"ಗುಂಡು ತಾಗ್ತೇನಮ್ಮಾ?"

"ಇಲ್ಲ ಚಾಚಾ... ನಿಮ್ಗೆ?"

"ಮಾತಾಡಿಸ್ಬೇಡ, ನೋಯುತ್ತೆ."

ಪೊಲೀಸರು ಬಂದಾಗ ಬೂಟಿನವನ ಬಾಯಲ್ಲಿ ಮುಂದಿನ ಹಲ್ಲುಗಳಿರಲಿಲ್ಲ.

ಗುರುವಾರ ಲಮೀಸ್ ಕಟಕಟೆಯಲ್ಲಿ ನಿಂತು ಫವ್ವಾಜ್‌ನತ್ತ ಬೆರಳು ತೋರಿಸಿದಳು. ಅವನು ಮನೆಗೆ ಹೋಗಲಿಲ್ಲ.

ಆ ಕಟ್ಟಡದಲ್ಲಿ ಮುಂದಿನ ಮಂಗಳವಾರದವರೆಗೆ ಯಾರೂ ಸ್ನಾನ ಮಾಡಲಿಲ್ಲ.