ನಾಯಕರ ಬಿಳಿ ಅಂಗಿ

ಬಟ್ಟೆ ಅಂಟಿಕೊಂಡಿತ್ತು.

ಬಡಗಿ ಮಾಮ ಒಂದು ತುದಿ ಹಿಡಿದು ಎಳೆದರು. ಬರಲಿಲ್ಲ. ಏಣಿಯ ಇನ್ನೊಂದು ಮೆಟ್ಟಿಲು ಹತ್ತಿ ಎರಡೂ ಕೈಯಿಂದ ಜಗ್ಗಿದರು. ಚರ್ರನೆ ಕಿತ್ತು ಬಂತು. ಹನ್ನೆರಡು ಅಡಿಯ ಪ್ಲೈವುಡ್ ಕಟೌಟಿನಲ್ಲಿ ದೇಶದ ನಾಯಕರ ಮುಖ ಇರಬೇಕಾದ ಜಾಗದಲ್ಲಿ ಬರೀ ಕಪ್ಪು. ಹಣೆಯಿಲ್ಲ, ಮೂಗಿಲ್ಲ, ಆ ಹೆಸರುವಾಸಿ ನಗುವೂ ಇಲ್ಲ. ಅರೆಬರೆ ಒಣಗಿದ ಬಣ್ಣದ ಮೇಲೆ ಹಳೆಯ ಬೆಡ್‌ಶೀಟಿನ ನೇಯ್ಗೆ ಅಚ್ಚೊತ್ತಿತ್ತು.

"ಹಾಗಾದ್ರೆ ಫೋಟೊ ನಿಜ," ಎನ್ನುತ್ತಾ ಕಾರ್ಖಾನೆಯ ಯಜಮಾನರು ಪಕ್ಕದ ಬಣ್ಣದ ಡಬ್ಬದ ಮೇಲೆ ಕುಸಿದು ಕೂತರು.

ಫೋಟೊ ಹಿಂದಿನ ರಾತ್ರಿ ಎಂಟೂವರೆಗೇ ಫೋನಿನಿಂದ ಫೋನಿಗೆ ಹಾರಿತ್ತು. ಹಾಕಿದ್ದು ಹೆಸರಿಲ್ಲದ ಒಂದು ಖಾತೆ. ಮಸಿ ಬಳಿದ ಮುಖ, ಅದರ ಕೆಳಗೆ ಬಿಳಿ ಅಂಗಿಯ ಕಾಲರು, ಎದೆ—ಅಷ್ಟೇ. ಮೇಲೊಂದು ಸಾಲು: 'ಸುಳ್ಳಿಗೆ ತಕ್ಕ ಬಣ್ಣ.' ನಾಯಕರ ಕಡೆಯವರು ರೊಚ್ಚಿಗೆದ್ದರು. ಎದುರು ಕಡೆಯವರು ಕುಣಿದರು. ಕಟೌಟು ಯಾರ ಕಾರ್ಖಾನೆಯದು ಎಂದು ಒಂದು ಗಂಟೆಯೊಳಗೆ ಎಲ್ಲರಿಗೂ ತಿಳಿಯಿತು. ಯಜಮಾನರು ಆಗಲೇ ಹೋಗಿ ನೋಡುತ್ತೇನೆಂದು ಹೊರಟರೆ, ಅಳಿಯನೇ ತಡೆದಿದ್ದ: "ಬೆಳಿಗ್ಗೆ ಎಲ್ಲರ ಎದುರಿಗೇ ತೆಗೆಯೋಣ ಮಾವ. ಸಾಕ್ಷಿ ಇರ್ಬೇಕು."

ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಇದ್ದರು. ಜಾಹೀರಾತು ಫಲಕ ಬರೆಯುವ ಆ ದೊಡ್ಡ ಶೆಡ್ಡಿನಲ್ಲಿ ಯಜಮಾನರು, ಅಳಿಯ, ಬಡಗಿ ಮಾಮ, ನಾಯಕರ ಪಕ್ಷದ ಕಾರ್ಯದರ್ಶಿ. ಬಾಗಿಲ ಬಳಿ ಕೈಕಟ್ಟಿ ನಿಂತ ಮುಖದ ಮೇಷ್ಟ್ರು. ಗೋಡೆಗೆ ಅಂಟಿಕೊಂಡಂತೆ ಅಕ್ಷರದಕ್ಕ.

ಇಪ್ಪತ್ತೆರಡು ವರ್ಷದಿಂದ ಇಲ್ಲಿ ಅಕ್ಷರ ಬರೆಯುವವಳು ಅವಳು. ಮುಖ ಬಿಡಿಸುವುದು ಮೇಷ್ಟ್ರು. ಇಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡುತ್ತಾರೆ, ಮೂರು ವರ್ಷದಿಂದ ಮಾತಿಲ್ಲ. ಮಾತೆಲ್ಲ ಫೋನಿನಲ್ಲಿ. ಅವಳು ನಾಯಕರ ಕಟ್ಟಾ ಅಭಿಮಾನಿ. ಅವರ ಭಾಷಣದ ಒಂದು ತುಣುಕು ಹಾಕಿದರೆ ಸಾಕು, ಕೆಳಗೆ ಮೇಷ್ಟ್ರ ಕುಟುಕು ತಯಾರು. ನಾಯಕರಿಗೆ ಎಪ್ಪತ್ತೊಂದಾದರೂ ಕಟೌಟಿನಲ್ಲಿ ಕೂದಲು ಕಡುಗಪ್ಪೇ ಇರಬೇಕೆಂದು ಪಕ್ಷದವರು ಹೇಳಿದ್ದಕ್ಕೆ ಮೇಷ್ಟ್ರು ಹೋದ ವಾರವಷ್ಟೇ ಬರೆದಿದ್ದರು: 'ಕೂದಲಿಗೆ ಬಳಿದ ಬಣ್ಣ ನನ್ನದು. ಮಾತಿಗೆ ಬಳಿದ ಬಣ್ಣ ಅವರದೇ.' ಅದಕ್ಕೆ ಸಾವಿರಾರು ಜನ ನಕ್ಕಿದ್ದರು. ಅಕ್ಕನಿಗೆ ಮೈ ಉರಿದಿತ್ತು.

ಆ ಉರಿಯಲ್ಲೇ ನಿನ್ನೆ ರಾತ್ರಿ, ಫೋಟೊ ಕಂಡ ಹತ್ತೇ ನಿಮಿಷಕ್ಕೆ, ಅವಳೂ ಬರೆದುಬಿಟ್ಟಿದ್ದಳು: 'ಈ ಕೈ ಯಾರದೆಂದು ನನಗೆ ಗೊತ್ತು. ಅದೇ ಮುಖ ಬಿಡಿಸಿ ಉಂಡವರ ಕೈ.'

ಅದನ್ನು ನಾಲ್ಕು ಸಾವಿರ ಜನ ಹಂಚಿಕೊಂಡಿದ್ದರು. ಬೆಳಿಗ್ಗೆ ಮೇಷ್ಟ್ರ ಮನೆಯ ಕಿಟಕಿ ಗಾಜು ಒಡೆದಿತ್ತು.

"ನೋಡಿ," ಕಾರ್ಯದರ್ಶಿ ಕೈಯಲ್ಲಿದ್ದ ಹಾಳೆ ಮುಂದೆ ಚಾಚಿದ. "ನಾಲ್ಕಕ್ಕೆ ಮೆರವಣಿಗೆ. ಮೇಷ್ಟ್ರು ತಪ್ಪೊಪ್ಪಿ ಸಹಿ ಹಾಕ್ಲಿ, ಕೆಲಸ ಬಿಡ್ಲಿ. ಅಲ್ಲಿಗೆ ಮುಗೀತು. ಇಲ್ಲಾಂದ್ರೆ ಹನ್ನೆರಡಕ್ಕೆ ಪೊಲೀಸ್ ಕಂಪ್ಲೇಂಟು."

"ಮಾಡದ ತಪ್ಪಿಗೆ ಸಹಿ ಹಾಕೋ ಕೈ ಅಲ್ಲ ಕಣಯ್ಯಾ ಇದು," ಎಂದರು ಮೇಷ್ಟ್ರು. "ನಾನು ನಿಮ್ಮ ನಾಯಕನ್ನ ಬಯ್ಯೋದು ನನ್ನ ಹೆಸರಲ್ಲಿ, ನನ್ನ ಫೋಟೊ ಹಾಕ್ಕೊಂಡು. ಹೆಸರಿಲ್ಲದ ಖಾತೆ ನನಗ್ಯಾಕೆ? ಮಸಿ ಬಳಿಯೋದಿದ್ರೆ ಹಗಲಲ್ಲಿ ಬಳಿದು ಕೆಳಗೆ ಸಹಿ ಹಾಕ್ತಿದ್ದೆ!"

"ಕೇಳಿದ್ರಾ ಮಾತು?" ಅಳಿಯ ನಕ್ಕ. ಪಕ್ಷದ ಸ್ಥಳೀಯ ಪೇಜು ನಡೆಸುವವನು ಅವನೇ. ಅವನ ಬೆರಳು ಫೋನು ಬಿಟ್ಟು ಬೇರೇನನ್ನೂ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. "ಸಂಜೆ ಏಳಕ್ಕೆ ಇಲ್ಲಿಗೆ ಬಂದವರು ನೀವೊಬ್ರೇ ಮೇಷ್ಟ್ರೇ. ನಿಮ್ಮ ಹತ್ರ ಬೀಗದ ಕೈ ಇದೆ. ಬಳಿದ್ರಿ, ಫೋಟೊ ತೆಗೆದ್ರಿ, ಮತ್ತೆ ಬಟ್ಟೆ ಮುಚ್ಚಿ ಹೋದ್ರಿ."

"ಕುಂಚ ತೊಳೆಯೋಕೆ ದಿನಾ ಬರ್ತೀನಿ. ನಿನ್ನೆಯೂ ಬಂದೆ. ಆ ಬಟ್ಟೆ ಮುಟ್ಟಿಲ್ಲ."

ಅಕ್ಕ ಇವರ ಮಾತು ಕೇಳುತ್ತಿದ್ದಳೇ ಹೊರತು ಕಣ್ಣು ಕಟೌಟಿನ ಮೇಲಿತ್ತು. ಅದು ಅವಳ ಕಸುಬಿನ ಚಾಳಿ. ಬಣ್ಣ ಎಲ್ಲಿ ಸೋರಿದೆ, ಎಲ್ಲಿ ಇಳಿದಿದೆ ಎಂದು ಮೊದಲು ಹುಡುಕುವುದು. ಒಂದು ಅಕ್ಷರದ ಕೆಳಗೆ ಒಂದೇ ಒಂದು ಹನಿ ಇಳಿದರೂ ಇಡೀ ಫಲಕ ಕೆಟ್ಟಂತೆ. ಆ ಹೆದರಿಕೆಗೆ ಅವಳು ಎಷ್ಟೋ ಸಲ ಮನೆ ತಲುಪಿದವಳು ವಾಪಸ್ಸು ಬಂದು ನೋಡಿ ಹೋಗಿದ್ದಾಳೆ.

ಇಲ್ಲಿ ಹನಿ ಇರಲಿಲ್ಲ.

ಅವಳು ಕಣ್ಣುಜ್ಜಿಕೊಂಡಳು. ತಪ್ಪು ನೋಡಿದೆನೇನೋ. ಮತ್ತೆ ನೋಡಿದಳು. ಇಲ್ಲ. ಸುಮ್ಮನಿದ್ದುಬಿಡೋಣ ಎನಿಸಿತು—ಎಷ್ಟಾದರೂ ಇವರು ತನ್ನ ಕಡೆಯವರು. ಆದರೆ ಒಡೆದ ಕಿಟಕಿ ಕಣ್ಣಿಗೆ ಕಟ್ಟಿತು.

"ಅರ್ಧ ಗಂಟೆ ಕೊಡಿ," ಎಂದಳು. "ನಾನು ಎರಡು ಮಾತು ಕೇಳ್ಬೇಕು."

"ನೀವು ಕೇಳಿ ಅಕ್ಕ, ನೀವು ನಮ್ಮವರು," ಎಂದ ಕಾರ್ಯದರ್ಶಿ ಉದಾರವಾಗಿ.

"ಬಡಗಿ ಮಾಮ, ನಿನ್ನೆ ಕಟೌಟು ಹೇಗಿತ್ತು?"

"ಹೇಗಿತ್ತು ಅಂದ್ರೆ? ತಲೆಕೆಳಗಾಗಿ ನೇತು ಹಾಕಿದ್ವಿ. ಕಾಲಿಗೆ ಡಾಂಬರು ಹಚ್ಬೇಕಿತ್ತಲ್ಲ, ಹೊರಗೆ ನಿಲ್ಸಿದ್ರೆ ನೀರಿಗೆ ಹಲಗೆ ಕೊಳೆಯುತ್ತೆ ಅಂತ. ಯಾವಾಗಲೂ ಹಾಗೇ ಅಲ್ವಾ? ಡಾಂಬರು ಮುಖದ ಮೇಲೆ ಬೀಳದ ಹಾಗೆ ಬಟ್ಟೆ ಕಟ್ಟಿದ್ದು ನೀನೇ."

"ಹೌದು, ಬೆಳಿಗ್ಗೆ ಹತ್ತಕ್ಕೆ. ಆಗ ಮುಖ ಶುದ್ಧವಾಗಿತ್ತು. ನೆಟ್ಟಗೆ ನಿಲ್ಸಿದ್ದು ಯಾವಾಗ?"

"ಆರೂವರೆಗೆ. ತಿರುಗಿಸೋ ಚೈನು ಎಳೆಯೋಕೆ ಇಬ್ರು ಬೇಕು. ನಾನು, ಅಳಿಯಂದ್ರು. ಬಟ್ಟೆ ಹಾಗೇ ಇರ್ಲಿ, ಧೂಳು ಕೂರುತ್ತೆ ಅಂದ್ರು ಅಳಿಯಂದ್ರು. ಇಬ್ರೂ ಒಟ್ಟಿಗೇ ಬೀಗ ಹಾಕಿ ಹೋದ್ವಿ."

"ಅದಕ್ಕೆ ಮುಂಚೆ?"

"ಐದಕ್ಕೆ ನೀನೂ ಮೇಷ್ಟ್ರೂ ಹೋದ್ರಿ, ಒಬ್ರ ಮುಖ ಒಬ್ರು ನೋಡದೆ. ಯಜಮಾನರು ಮಧ್ಯಾಹ್ನವೇ ಹೋಗಿದ್ರು. ಐದೂವರೆಗೆ ನಾನು ಟೀ ಕುಡಿಯೋಕೆ ಹೋದೆ. ಮೂಲೆ ಅಂಗಡೀಲಿ ಅರ್ಧ ಗಂಟೆ ಕೂತಿದ್ದೆ."

ಅಕ್ಕ ಅಳಿಯನ ಕಡೆ ತಿರುಗಿದಳು. "ಆ ಅರ್ಧ ಗಂಟೆ ಯಾರಾದ್ರೂ ಒಳಗೆ ಬಂದಿರ್ಬಹುದಾ?"

"ಸಾಧ್ಯನೇ ಇಲ್ಲ," ಎಂದ ಅಳಿಯ. "ನಾನು ಬಾಗಿಲಲ್ಲೇ ಕೂತಿದ್ದೆ. ಒಂದು ನೊಣ ಕೂಡ ಒಳಗೆ ಹೋಗಿಲ್ಲ. ಆರೂಮುಕ್ಕಾಲಿಂದ ಒಂಬತ್ತರವರೆಗೆ ಪಕ್ಷದ ಕಚೇರೀಲಿದ್ದೆ, ಇಪ್ಪತ್ತು ಜನ ಸಾಕ್ಷಿ. ಆದ್ದರಿಂದ್ಲೇ ಹೇಳ್ತಿರೋದು—ಆಗಿದ್ದೆಲ್ಲ ಏಳರ ಮೇಲೆ!"

"ಚೆನ್ನಾಗಿ ನೆನಪಿದೆಯಾ?"

"ಬರೆದು ಕೊಡ್ಲಾ?"

ಅಕ್ಕ ಏಣಿಯ ಬಳಿ ಹೋದಳು. ಏಣಿ ಎಂದರೆ ಅವಳಿಗೆ ಹೆದರಿಕೆ. ಎತ್ತರದ ಅಕ್ಷರಗಳನ್ನು ಹಲಗೆ ಇಳಿಸಿಕೊಂಡೇ ಬರೆಯುತ್ತಾಳೆ. ಇವತ್ತು ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಒಂದು, ಎರಡು, ಏಳು ಮೆಟ್ಟಿಲು. ನಾಯಕರ ಕೂದಲಿನ ಮಟ್ಟಕ್ಕೆ ಬಂದು ಫೋನಿನ ಟಾರ್ಚು ಹಚ್ಚಿದಳು. ಕೂದಲಿನ ಮೇಲೆ ಬೆರಳಾಡಿಸಿದಳು.

ಇಳಿದು ಬಂದವಳು ಬಿಳಿ ಬಣ್ಣ ಹಚ್ಚಿದ್ದ ಒಂದು ತುಂಡು ಹಲಗೆ ತಂದು ಗೋಡೆಗೆ ನೆಟ್ಟಗೆ ಒರಗಿಸಿದಳು. ಕಪ್ಪು ಎನಾಮಲ್ ಡಬ್ಬದ ಮುಚ್ಚಳ ಮೀಟಿ ತೆಗೆದಳು.

"ಏನ್ ಮಾಡ್ತಿದೀಯಮ್ಮಾ?" ಯಜಮಾನರು ಎದ್ದು ನಿಂತರು.

ಅವಳು ಒಂದು ಲೋಟದಷ್ಟು ಬಣ್ಣ ಹಲಗೆಯ ಮೇಲ್ಭಾಗಕ್ಕೆ ಎರಚಿದಳು. ಎಲ್ಲರೂ ನೋಡುತ್ತಿದ್ದಂತೆ ಬಣ್ಣ ಇಳಿಯಿತು. ಒಂದು ಗೆರೆ, ಮೂರು ಗೆರೆ, ಹತ್ತು ಗೆರೆ. ಹಲಗೆಯ ಬುಡ ಮುಟ್ಟಿ ನೆಲಕ್ಕೆ ತೊಟ್ಟಿಕ್ಕಿತು.

"ಈಗ ಅದನ್ನ ನೋಡಿ," ಎಂದು ಕಟೌಟು ತೋರಿಸಿದಳು. "ಮುಖದ ತುಂಬ ಎರಚಿದಾರೆ. ಎರಚಿದ ಬಣ್ಣ ಕೆಳಗಿಳಿಯದೆ ಎಲ್ಲಿಗೆ ಹೋಯ್ತು? ಗದ್ದದ ಕೆಳಗೆ ಬಿಳಿ ಅಂಗಿ. ಅದರ ಮೇಲೆ ಒಂದು ಹನಿ ತೋರ್ಸಿ ನನಗೆ."

ಎಲ್ಲರ ಕಣ್ಣೂ ಮೊದಲ ಸಲ ಕಪ್ಪನ್ನು ಬಿಟ್ಟು ಬಿಳುಪಿನ ಮೇಲೆ ಬಿತ್ತು. ಅಂಗಿ ಇಸ್ತ್ರಿ ಮಾಡಿಟ್ಟಷ್ಟು ಚೊಕ್ಕಟವಾಗಿತ್ತು.

"ಸಾವಿರಾರು ಜನ ಫೋಟೊ ನೋಡಿದ್ರು. ನಾನೂ ನೋಡ್ದೆ. ಎಲ್ರೂ ಮುಖವನ್ನೇ ನೋಡಿ ಕೂಗಾಡಿದ್ವಿ. ಅಂಗಿ ಯಾರೂ ನೋಡ್ಲಿಲ್ಲ." ಅವಳು ನಾಯಕರ ಹಣೆಯ ಕಡೆ ಬೆರಳು ತೋರಿಸಿದಳು. "ಬಣ್ಣ ಇಳಿದಿದೆ. ಆದ್ರೆ ಹಣೆಯಿಂದ ನೆತ್ತಿಯ ಕಡೆಗೆ. ಕೂದಲೂ ಕಪ್ಪು, ಅದಕ್ಕೇ ಕಾಣಲ್ಲ. ಟಾರ್ಚು ಹಿಡಿದು ಕೈಯಾಡಿಸಿ, ಬೆರಳಿಗೆ ಸಿಗುತ್ತೆ. ಒಂಬತ್ತು ಗೆರೆ."

ಬಡಗಿ ಮಾಮ ಹತ್ತಿ ಕೈಯಾಡಿಸಿದರು. "ಅಯ್ಯೋ, ಹೌದಲ್ಲಪ್ಪಾ!"

"ಬಣ್ಣ ಮೇಲಕ್ಕೆ ಹರಿಯಲ್ಲ. ಮಸಿ ಬಿದ್ದಾಗ ನಾಯಕರು ತಲೆಕೆಳಗಾಗಿ ನೇತಾಡ್ತಿದ್ರು. ಅಂದ್ರೆ ಆರೂವರೆಗೆ ಮುಂಚೆ. ಫೋಟೊ ತೆಗೆದದ್ದೂ ಆಗಲೇ. ಸುತ್ತಮುತ್ತ ಕತ್ತರಿಸಿ, ನೆಟ್ಟಗೆ ತಿರುಗಿಸಿ ಹಾಕಿದಾರೆ. ಫೋಟೊ ತಿರುಗಿಸೋದು ಒಂದು ಬೆರಳಿನ ಕೆಲಸ. ಹರಿದ ಬಣ್ಣನ ತಿರುಗಿಸೋಕಾಗಲ್ಲ. ಹಸಿ ಇರುವಾಗ್ಲೇ ಬಟ್ಟೆ ಕಟ್ಟಿದ್ರಿಂದ ಅಂಟಿಕೊಳ್ತು. ಮೇಷ್ಟ್ರು ಐದಕ್ಕೆ ನನ್ನ ಮುಂದೇನೇ ಹೋದ್ರು. ಏಳಕ್ಕೆ ಬಂದಾಗ ಕಟೌಟು ನೆಟ್ಟಗಿತ್ತು. ಅದನ್ನ ತಿರುಗಿಸೋಕೆ ಇಬ್ರು ಬೇಕು."

"ಮಾಮನೂ ಇದ್ರಲ್ಲ!" ಎಂದ ಅಳಿಯ.

ಬಡಗಿ ಮಾಮ ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಗುಂಡಿ ಫೋನು ತೆಗೆದರು. "ಇದರಲ್ಲಿ ಫೋಟೊ ತೆಗೆಯೋಕಾಗಿದ್ರೆ ಮೊದಲು ನನ್ನ ಹೆಂಡತೀದು ತೆಗೀತಿದ್ದೆ ಅಳಿಯಂದ್ರೇ."

"ಮಾಮ ಟೀ ಅಂಗಡೀಲಿದ್ರು," ಎಂದಳು ಅಕ್ಕ. "ಆ ಅರ್ಧ ಗಂಟೆ ಒಂದು ನೊಣ ಕೂಡ ಒಳಗೆ ಬಂದಿಲ್ಲ ಅಂತ ಹೇಳಿದ್ದು ಯಾರು? ನೀವೇ. ಬಾಗಿಲಲ್ಲಿ ಇದ್ದದ್ದು ಯಾರು? ನೀವೇ. ಕಸುಬಿನವರು ಯಾರೇ ಆಗಿದ್ರೂ, ನೆಟ್ಟಗೆ ನಿಲ್ಸಿದಾಗ ಗೆರೆಗಳು ಎತ್ತ ಇರ್ತವೆ ಅಂತ ಮೊದಲು ಯೋಚಿಸ್ತಿದ್ರು. ನೀವು ಒಂದು ದಿನವೂ ಕುಂಚ ಹಿಡಿದವರಲ್ಲ."

ಅಳಿಯ ಮಾವನ ಮುಖ ನೋಡಿದ, ನೆಲ ನೋಡಿದ, ಕೊನೆಗೆ ಕಾರ್ಯದರ್ಶಿಯನ್ನು ನೋಡಿದ. "ನೀವೇ ಹೇಳಿದ್ರಲ್ಲ! ಪೇಜು ಸತ್ತು ಬಿದ್ದಿದೆ, ಈ ಮುದುಕನ ಒಂದು ಸಾಲಿಗೆ ಬರೋ ಲೈಕು ನಮ್ಮ ಹತ್ತು ಪೋಸ್ಟಿಗೂ ಬರ್ತಿಲ್ಲ, ಜನ ರೊಚ್ಚಿಗೇಳೋ ಹಾಗೆ ಏನಾದ್ರೂ ಮಾಡು ಅಂತ..."

"ಹೀಗೆ ಮಾಡು ಅಂದಿದ್ನಾ ನಾನು?" ಕಾರ್ಯದರ್ಶಿ ಗದರಿದ. ಆಮೇಲೆ ಮುಖಕ್ಕೆ ಸಕ್ಕರೆ ಸವರಿಕೊಂಡು ಅಕ್ಕನ ಹತ್ತಿರ ಬಂದ. "ಅಕ್ಕ, ಆಯ್ತು. ಮೇಷ್ಟ್ರಿಗೆ ಕೆಲಸ ಇರುತ್ತೆ, ಕಂಪ್ಲೇಂಟಿಲ್ಲ. ಇದು ನಾಲ್ಕು ಗೋಡೆ ಒಳಗೇ ಇರ್ಲಿ. ಎದುರು ಕಡೆಯವರ ಕೈಗೆ ಕೋಲು ಕೊಡೋದು ಬೇಡ. ನೀವು ನಮ್ಮವರು."

ಅಕ್ಕ ಕೈಯೊರೆಸಿಕೊಂಡಳು.

"ನಿಮ್ಮವಳೇ. ಅದಕ್ಕೇ ಸುಮ್ಮನಿರಲ್ಲ. ನಿನ್ನೆ ನಾನು ಬರೆದ ಸುಳ್ಳನ್ನ ಎಲ್ರೂ ಓದಿದ್ರು. ಇವತ್ತಿನ ನಿಜಾನ ನಾಲ್ಕು ಗೋಡೆ ಓದಿದ್ರೆ ಸಾಕಾ?"

"ನಿಮ್ಮ ಕಿಟಕಿಗೂ ಕಲ್ಲು ಬೀಳುತ್ತೆ, ನೋಡ್ಕೊಳ್ಳಿ!"

"ಬೀಳ್ಲಿ. ಎಸೆಯೋರು ಹೆಸರು ಹೇಳಿ ಎಸೀಲಿ."

ಅವಳು ಅಲ್ಲೇ ನಿಂತು ಬರೆದಳು. ಮೂರು ಸಲ ಓದಿದಳು, ಒಂದು ಪದ ಅಳಿಸಿದಳು, ಮತ್ತೆ ಬರೆದಳು. 'ನಿನ್ನೆ ಮೇಷ್ಟ್ರ ಕಡೆ ಬೊಟ್ಟು ಮಾಡಿದವಳು ನಾನು. ಅದು ಸುಳ್ಳು. ಮಸಿ ಎರಚಿದವನು ನಮ್ಮ ಪೇಜು ನಡೆಸುವವನೇ. ಮೇಷ್ಟ್ರಲ್ಲಿ ಕ್ಷಮೆ ಕೇಳುತ್ತೇನೆ. ನನ್ನ ಮತ ಇವತ್ತಿಗೂ ನಾಯಕರಿಗೇ.' ಅಂಗಿಯ ಫೋಟೊ ಸೇರಿಸಿ ಒತ್ತಿಬಿಟ್ಟಳು.

ಫೋನು ಗುಂಯ್ ಎನ್ನತೊಡಗಿತು. ದ್ರೋಹಿ. ಮಾರಿಕೊಂಡವಳು. ನಾಚಿಕೆಯಾಗಲ್ವಾ. ನಿನ್ನೆ ಹೊಗಳಿದ ಅವೇ ಹೆಸರುಗಳು. ಆರನೆಯದು ಮೇಷ್ಟ್ರದು. ಅವರು ಹತ್ತು ಅಡಿ ದೂರದಲ್ಲಿ ಕನ್ನಡಕ ಹಣೆಗೇರಿಸಿ, ಒಂದೇ ಬೆರಳಿನಲ್ಲಿ ಒತ್ತಿ ಕಳಿಸಿದ್ದರು: 'ಅಂಗಿ ನೋಡಿದ್ದಕ್ಕೆ ವಂದನೆ. ನಿಮ್ಮ ನಾಯಕ ಮಾತ್ರ ಇನ್ನೂ ಸುಳ್ಳುಗಾರನೇ.'

ಅಕ್ಕ ಫೋನು ಮಗುಚಿಟ್ಟು, ಮೂರು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಉತ್ತರ ಕೊಟ್ಟಳು. "ನಿಮ್ಮ ನಾಲಿಗೇನೂ ಇನ್ನೂ ಹೊಲಸೇ ಮೇಷ್ಟ್ರೇ."

ಯಜಮಾನರು ಗಡಿಯಾರ ನೋಡಿಕೊಂಡು ಅಳುಕುತ್ತಾ ಬಂದರು. "ಮೇಷ್ಟ್ರೇ... ನಾಲ್ಕಕ್ಕೆ ಮೆರವಣಿಗೆ. ಮುಖ?"

"ಬಿಡಿಸ್ತೀನಿ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟವನಲ್ಲ." ಮೇಷ್ಟ್ರು ಏಣಿಯ ಕಡೆ ನಡೆದರು. "ಆದ್ರೆ ಕೂದಲು ಹೇಗಿದ್ರೂ ಕೆಟ್ಟಿದೆ. ಈ ಸಲ ಇದ್ದ ಹಾಗೇ ಬಿಡಿಸ್ತೀನಿ. ಬೆಳ್ಳಗೆ."

"ಬಿಳಿ ಕೂದಲಾ?" ಕಾರ್ಯದರ್ಶಿ ಬಾಗಿಲಿಂದಲೇ ಕೂಗಿದ. "ಮೇಲಿನವರು ಒಪ್ಪಲ್ಲ!"

"ಒಪ್ಪದೇ ಏನು?" ಅಕ್ಕ ಬಿಳಿ ಬಣ್ಣದ ಡಬ್ಬ ಎತ್ತಿ ಏಣಿಯ ಬುಡಕ್ಕೆ ಠಣ್ ಎಂದು ಇಟ್ಟಳು. "ನಮ್ಮ ನಾಯಕರಿಗೆ ಎಪ್ಪತ್ತೊಂದು. ಅದರಲ್ಲಿ ಮುಚ್ಚಿಡೋದೇನಿದೆ? ಹಚ್ಚಿ ಮೇಷ್ಟ್ರೇ."