ಆಯುಧಪೂಜೆಯ ಮೊದಲ ತೋಪು

ಮಹಾನವಮಿಯ ಆ ಬೆಳಗಿನಲ್ಲಿ ಕೂಡಲಗಿರಿಯ ರಾಜಬೀದಿ ಚೆಂಡುಹೂವಿನ ತೋರಣಗಳಿಂದ ಕಂಗೊಳಿಸುತ್ತಿತ್ತು. ಕೋಟೆಯ ಬತೇರಿಗಳಿಂದ ಕಹಳೆಯ ಧ್ವನಿ ಕಣಿವೆಯವರೆಗೂ ಹರಡುತ್ತಿತ್ತು. ಆದರೂ ಆಸ್ಥಾನಿಕರ ಮುಖದಲ್ಲಿ ಹಬ್ಬದ ಕಳೆಯಿರಲಿಲ್ಲ. ಅರಮನೆಯಲ್ಲಿ ದ್ರೋಹಿಯೊಬ್ಬನಿದ್ದಾನೆಂಬ ಮಾತು ಹಬ್ಬಿ ತಿಂಗಳಾಗಿತ್ತು. ಎಲ್ಲರ ಓರೆನೋಟವೂ ಪರದೇಶಿಯಾದ ಲೂಸಿಯೆನ್ ಗಾರ್ನಿಯೆಯತ್ತಲೇ ತಿರುಗುತ್ತಿತ್ತು.

ಫ್ರಾನ್ಸಿನ ಚಕ್ರವರ್ತಿಯ ಪತನದ ಬಳಿಕ ನೆಲೆತಪ್ಪಿ ಹಡಗು ಹತ್ತಿದ್ದ ಈ ಸೇನಾನಿ, ಒಂಬತ್ತು ವರ್ಷಗಳಿಂದ ದೊರೆ ಚಿಕ್ಕಲಿಂಗ ನಾಯಕರ ತೋಪುಖಾನೆಯ ಅಧಿಪತಿಯಾಗಿದ್ದ.

ಪದ್ಧತಿಯಂತೆ, ಮದ್ದಿನಮನೆಯ ಮುಂದಿನ ಬಯಲಿನಲ್ಲಿ ನಿಲ್ಲಿಸಿದ ಮೊದಲ ತೋಪಿಗೆ ದೊರೆಗಳೇ ಬತ್ತಿ ತಾಕಿಸಬೇಕು. ಗಾರ್ನಿಯೆ ಅಡ್ಡ ನಿಂತ.

"ಬೇಡ, ಮಹಾಸ್ವಾಮಿ. ನಿನ್ನೆಯಿಲ್ಲದ ಬಿರುಕು ಇಂದು ಇದರಲ್ಲಿದೆ. ಯಾರೋ ಮೇಣ ತುಂಬಿ ಮಸಿ ಬಳಿದಿದ್ದಾರೆ. ಹಾರಿಸಿದರೆ ಸಿಡಿಯುತ್ತದೆ."

ದಳವಾಯಿ ಮುದ್ದುವೀರಯ್ಯ ನಕ್ಕ. "ಎರಕ ಹೊಯ್ಸಿದವರೂ ತಾವೇ, ಬಿರುಕೆನ್ನುವವರೂ ತಾವೇ. ಶತ್ರು ಗಡಿಯಲ್ಲಿರುವಾಗ ನಮ್ಮ ತೋಪು ಮೂಕವಾದರೆ ಯಾರಿಗೆ ಲಾಭ? ಮಹಾಸ್ವಾಮಿಯವರು ಯೋಚಿಸಬೇಕು."

ದೊರೆ ಬಾಗಿ ನೋಡಿದರು. ಕಂಡದ್ದು ಕೂದಲೆಳೆಯಷ್ಟು ಗೆರೆ. ತಿಂಗಳ ಕಾಲ ಕಿವಿಗೆ ಬಿದ್ದ ಚಾಡಿ ಅವರ ಮನಸ್ಸನ್ನು ಕಲಕಿತು.

"ಪರೀಕ್ಷೆಯಾಗಲಿ," ಎಂದರು. "ತೋಪು ನೆಟ್ಟಗೆ ಹಾರಿದರೆ ಇವರ ದ್ರೋಹ ರುಜುವಾದಂತೆ. ಬತ್ತಿ ಹಿಡಿ, ದ್ಯಾವಪ್ಪ."

ತೋಪು ಹಾರಿಸುವ ಗೋಲಂದಾಜ ದ್ಯಾವಪ್ಪ ಉರಿಯುವ ಬತ್ತಿ ಹಿಡಿದು ತೋಪಿನ ಬಳಿ ಬಂದ. ಗಾರ್ನಿಯೆ ಸುಮ್ಮನಿದ್ದಿದ್ದರೆ ಸಾಕಿತ್ತು. ದ್ಯಾವಪ್ಪನ ಸಾವೇ ಗಾರ್ನಿಯೆಯ ನಿರ್ದೋಷಿತ್ವಕ್ಕೆ ಸಾಕ್ಷಿಯಾಗುತ್ತಿತ್ತು. ಆದರೆ ಗಾರ್ನಿಯೆ ಮುಂದೆ ಬಂದು ದ್ಯಾವಪ್ಪನ ಕೈಯಿಂದ ಬತ್ತಿಯನ್ನು ತೆಗೆದುಕೊಂಡ.

"ಇವನಿಗೆ ತೋಪು ಹಾರಿಸಲು ಕಲಿಸಿದವನು ನಾನು. ಇದು ನನ್ನ ಕೆಲಸ. ಮಹಾಸ್ವಾಮಿ, ತಾವು ನೂರು ಹೆಜ್ಜೆ ಹಿಂದೆ ಸರಿಯಬೇಕು. ಇದೊಂದೇ ಬೇಡಿಕೆ."

ದೊರೆ ಅವನ ಮುಖ ನೋಡಿ, ನೂರು ಹೆಜ್ಜೆ ಹಿಂದೆ ನಡೆದರು. ಪರಿವಾರ ಬಯಲಿನಲ್ಲೇ ಅವರ ಸುತ್ತ ನಿಂತಿತು.

ಗಾರ್ನಿಯೆ ಬತ್ತಿ ತಾಕಿಸಿದ. ತೋಪು ಸಿಡಿದು ಮೂರು ತುಂಡಾಯಿತು.

ಹೊಗೆ ತಿಳಿಯಾದಾಗ ಮುದ್ದುವೀರಯ್ಯ ಮದ್ದಿನಮನೆಯ ಕಲ್ಲುಗೋಡೆಯ ಹಿಂದಿನಿಂದ ಹೊರಬರುತ್ತಿದ್ದ. ದೊರೆಗಳ ದೃಷ್ಟಿ ಅವನ ಮೇಲೆ ನಿಂತಿತು.

"ದಳವಾಯಿಗಳೇ, ಬಿರುಕಿನ ಮಾತಿಗೆ ನಕ್ಕವರು ನೀವು. ಗೋಡೆಯ ಮರೆ ಹೊಕ್ಕವರೂ ನೀವೊಬ್ಬರೇ."

ಮುದ್ದುವೀರಯ್ಯನ ಕೈ ಖಡ್ಗದ ಹಿಡಿಗೆ ಹೋಯಿತು. ಕಾವಲುಗಾರರು ಅವನ ಖಡ್ಗವನ್ನು ಕಸಿದುಕೊಂಡರು.

ದೊರೆ ತೋಪಿನ ಬಳಿ ಬಂದು, ನೆಲದ ಮೇಲೆ ಕುಳಿತು, ಗಾಯಗೊಂಡು ಬಿದ್ದಿದ್ದ ಗಾರ್ನಿಯೆಯ ತಲೆಯನ್ನು ತೊಡೆಗಾನಿಸಿಕೊಂಡರು. "ನಿಮ್ಮನ್ನು ನಂಬದೆ ಹೋದೆ."

"ಹಿಂದೆ ಸರಿದಿರಲ್ಲ, ಮಹಾಸ್ವಾಮಿ," ಎಂದ ಅವನು ಕ್ಷೀಣಸ್ವರದಲ್ಲಿ. "ಅಷ್ಟು ನಂಬಿದ್ದು ಸಾಕು."

ಸೂರ್ಯ ನೆತ್ತಿಗೇರುವ ಮೊದಲೇ ಅವನ ಉಸಿರು ನಿಂತಿತು. ಆ ಶವಕ್ಕೆ ದೊರೆಗಳೇ ಹೆಗಲು ಕೊಟ್ಟರು. ಅವರ ಪಕ್ಕದಲ್ಲಿ ದ್ಯಾವಪ್ಪ ಹೆಗಲು ಕೊಟ್ಟಿದ್ದ.