ಗಂಟೆ ಬಾರಿಸಿದಾಗ ಕೇಳಿ

ಇದನ್ನು ಮನೆಯಲ್ಲಿ ಹೇಳಿದ್ದಕ್ಕೆ ನನ್ನ ಗಂಡ, “ಮೊದಲು ನಿನ್ನ ತಲೆ ಪರೀಕ್ಷೆ ಮಾಡಿಸ್ಕೋ” ಅಂದರು. ತಲೆ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಆಸ್ಪತ್ರೆಯಲ್ಲಿ ನೆನಪಿನ ಶಕ್ತಿ ನೋಡಲು ರೋಗಿಯ ಯಾವುದಾದರೂ ವಸ್ತುವನ್ನು ಅವರ ಕಣ್ಣೆದುರೇ ಡ್ರಾಯರ್‌ನಲ್ಲಿಟ್ಟು ಬೀಗ ಹಾಕುತ್ತೇನೆ. ಕೊನೆಗೆ ನಾನು ಗಂಟೆ ಬಾರಿಸಿದಾಗ ಅವರು ಅದನ್ನು ನೆನಪಿನಿಂದ ಕೇಳಿ ಪಡೆಯಬೇಕು.

ಕೆಲವು ತಿಂಗಳ ಹಿಂದೆ ಬಂದ ಒಬ್ಬ ದರ್ಜಿ ಹೆಂಗಸಿಗೆ ಬೇಲಿಯೇ ಎದ್ದು ಹೊಲ ಮೇಯ್ದಂಥ ಕಾಯಿಲೆ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬಿದ್ದಿತ್ತು. ಆಕೆಯ ಅಳತೆ ಟೇಪು ತೆಗೆದಿಟ್ಟೆ. ಗಂಟೆ ಬಾರಿಸಿದರೂ ಸುಮ್ಮನೆ ಕೂತಿದ್ದಳು. ನಾನೇ ನೆನಪಿಸಿದಾಗ ಬೀರುವಿನ ಪಕ್ಕದ ಮೂಲೆಗೆ ಕೈ ತೋರಿಸಿದಳು.

“ಅವರ ಕೈಗೆ ಕೊಟ್ರಲ್ಲ.”

ಮೂಲೆಯಲ್ಲಿ ಯಾರೂ ಇರಲಿಲ್ಲ. ಟೇಪು ಡ್ರಾಯರ್‌ನಲ್ಲೇ ಇತ್ತು. ಆದರೆ ಯಾರೋ ಆಗಷ್ಟೇ ಮುಷ್ಟಿ ಬಿಚ್ಚಿ ಇಟ್ಟಂತೆ ಬೆಚ್ಚಗಿತ್ತು.

ಮುಂದಿನ ವಾರ ಅದೇ ಕಾಯಿಲೆಯ ಬಸ್ ಡ್ರೈವರ್ ಬಂದ. ತನ್ನ ಬಾಚಣಿಗೆ ಎಲ್ಲಿದೆಯೆಂದು ಕೇಳಿದರೆ ಆತನೂ ಅದೇ ಮೂಲೆ ತೋರಿಸಿದ. ಬಾಚಣಿಗೆಯೂ ಬೆಚ್ಚಗಿತ್ತು. ಮಿದುಳು ಬಾತವರ ಮಾತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಚಿಕಿತ್ಸೆಯಿಂದ ಚೇತರಿಸಿಕೊಂಡ ದರ್ಜಿ ನಿನ್ನೆ ಬೆಳಗ್ಗೆ ಮತ್ತೆ ಬಂದಳು. ಈ ಪರೀಕ್ಷೆ ಪಾಸಾದರೆ ಪುನಃ ಕತ್ತರಿ ಹಿಡಿಯಬಹುದೆಂದು ಡಾಕ್ಟರು ಹೇಳಿದ್ದರಂತೆ. ಅದೇ ಟೇಪನ್ನಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಮಡಿಲಲ್ಲೇ ಇಟ್ಟುಕೊಂಡೆ. ಗಂಟೆ ಬಾರಿಸಿದ್ದೇ ತಡ, “ನನ್ನ ಟೇಪು ಕೊಡಿ ಅಕ್ಕ, ಡ್ರಾಯರ್‌ನಲ್ಲಿದೆ” ಎಂದು ನಕ್ಕಳು. ಮೂಲೆಯತ್ತ ನೋಡಲೂ ಇಲ್ಲ.

ನನ್ನ ಎದೆಯೂ ಹಗುರಾಯಿತು. ಬೀಗ ತೆಗೆದು ಕೈ ಹಾಕಿದೆ. ಡ್ರಾಯರ್ ಖಾಲಿ. ತಳ ಮಾತ್ರ ಬೆಚ್ಚಗಿತ್ತು.

ಆಕೆಯ ನಗು ಆರಿತು.

“ಹಾಗಾದ್ರೆ ನಂಗಿನ್ನೂ ವಾಸಿ ಆಗಿಲ್ವಾ, ಅಕ್ಕ?”